ಅವ್ವನಿಗೆ ಹೇಳುವ ಕೆಲಸ

ಮಾರ್ಚ್ 3, ಪಿಜಿ, ದೇಶಪಾಂಡೆ ನಗರ

ಸಾರಿ ಸೌಮ್ಯಕ್ಕಾ. ಪೈಲಟ್ ಮನೆಯವರು ಏನೂ ಬರೆಯಬಾರದು, ಪೋಸ್ಟ್ ಹಾಕಬಾರದು — ವಾಯುಪಡೆ ಸೇರಿದ ದಿನವೇ ನೀನು ಹೇಳಿದ್ದೆ. ಆದರೂ ಬರೆಯುತ್ತಿದ್ದೇನೆ. ನಾಳೆ ಮ್ಯಾಥ್ಸ್ ಇಂಟರ್ನಲ್ಸ್. ಒಂದು ಇಂಟಿಗ್ರೇಶನ್ ಕೂಡ ತಲೆಗೆ ಹತ್ತುತ್ತಿಲ್ಲ.

ರವಿವಾರ ಗರಗದ ಮನೆಯಲ್ಲಿದ್ದೆ. ಅಕ್ಕನ ಫೋನ್, ಸ್ಪೀಕರ್ ಮೇಲೆ.

"ಅವ್ವಾ, ಹೋಗಿ ಬರ್ತೇನಿ. ಸ್ವಲ್ಪ ದಿನ ಫೋನ್ ಹತ್ತೂದಿಲ್ಲ."

"ಎಲ್ಲಿಗೆ" ಎನ್ನಲು ಬಾಯಿ ತೆರೆದೆ. ಅವ್ವ ಹಿಟ್ಟಿನ ಕೈಯಿಂದಲೇ ನನ್ನ ಬಾಯಿ ಮುಚ್ಚಿದಳು.

"ಹೊಂಟವ್ರಿಗೆ ಎಲ್ಲಿಗೆ ಅಂತ ಕೇಳ್ತಾರೇನ? ಪಿಜಿಯಾಗ ಇಷ್ಟೂ ಕಲಿಸಿಲ್ಲೇನು ನಿನಗ?"

ಹಲ್ಲಿಗೆಲ್ಲ ಜೋಳದ ಹಿಟ್ಟು. ಅಷ್ಟರಲ್ಲಿ ಕಾಲ್ ಕಟ್.

ಹೋದ ಸಲ ಟ್ರೇನಿಂಗ್‌ಗೆ ಆಗ್ರಾಕ್ಕೆ ಹೋಗಿದ್ದಳು. ಈ ಸಲವೂ ಆಗ್ರಾ ಅಂತ ಅವ್ವ ತಾನೇ ತೀರ್ಮಾನಿಸಿ ಓಣಿಗೆಲ್ಲ ಹೇಳಿಬಿಟ್ಟಳು. ನಾನೂ ನಂಬಿದೆ. ನಂಬುವುದು ಈಸಿ.

ಮಾರ್ಚ್ 4

ಎಕ್ಸಾಂ ಹಾಳು. ರೂಮಿಗೆ ಬಂದರೆ ರೂಮ್‌ಮೇಟ್ ಕರುಣಾ ಊಟ ಮಾಡಿಲ್ಲ. ಅವಳ ಅಪ್ಪ ಉಡಚಪ್ಪ ಕಾಕಾ ತಾರಿಹಾಳದ ವರ್ಕ್‌ಶಾಪೊಂದರಲ್ಲಿ ಫಿಟ್ಟರ್. ಮಷೀನ್ ಕೂರಿಸಲು ಹೋದ ದೇಶದಲ್ಲಿ ಯುದ್ಧ ಶುರುವಾಗಿದೆ. ಏರ್‌ಪೋರ್ಟ್ ಬಂದ್. ಸಿಕ್ಕಿಕೊಂಡವರನ್ನು ತರಲು ವಾಯುಪಡೆಯ ಸಾರಿಗೆ ವಿಮಾನಗಳು ಹೊರಟಿವೆಯಂತೆ, ಟೀವಿಯಲ್ಲಿ.

ಸಾರಿಗೆ ವಿಮಾನ... ಅಕ್ಕ ಹಾರಿಸುವುದು ಅದನ್ನೇ.

"ನೀ ಯಾಕ ಟೀವಿ ಬಿಟ್ಟು ಏಳವಲ್ಲಿ?" ಕರುಣಾ. "ಸಿಕ್ಕೊಂಡಾಂವ ನಮ್ಮಪ್ಪ, ನಿಮ್ಮಪ್ಪ ಅಲ್ಲ."

ಆಗ್ರಾ. ಆಗ್ರಾನೇ ಇರಬೇಕು.

ಮಾರ್ಚ್ 7, ಮಧ್ಯಾಹ್ನ

ಉಡಚಪ್ಪ ಕಾಕಾ ದಿಲ್ಲಿಗೆ ಬಂದರು! ವಿಡಿಯೊ ಕಾಲ್. ಕರುಣಾ ಅಳುತ್ತಲೇ ಫೋನನ್ನು ನನ್ನ ಕಡೆಗೂ ತಿರುಗಿಸಿದಳು.

"ಏರ್‌ಪೋರ್ಟ್ ಎಲ್ಲೀದವಾ, ಬರೀ ಮಣ್ಣಿನ ಪಟ್ಟಿ. ಲೈಟ್ ಒಂದೂ ಇಲ್ಲ. ಆ ತುದಿಗೆ ಗುಂಡು ಬೀಳಾಕತ್ತಿದ್ವು. ಆದ್ರೂ ವಿಮಾನ ಇಳಿಸಿದ್ಲು ನೋಡು! ಇಂಜಿನ್ ಬಂದ್ ಮಾಡದನ ನಮ್ಮನ್ನ ಹತ್ತಿ ಮೂಟಿ ತುಂಬಿದಂಗ ತುಂಬಿಸಿದ್ಲು. ಇಲ್ಲಿ ಇಳದು ನೋಡಿದ್ರ ರೆಕ್ಕ್ಯಾಗ ತೂತು!"

"ಯಾರಪ್ಪಾ ಅಕಿ?"

"ಪೈಲಟ್! ಹೆಣ್ಣಮಗಳು. ಕೈ ಮುಗದೆ. 'ಯಾವೂರ್ರಿ ಕಾಕಾ?' ಅಂದ್ಲು. ಖರೇ ನಮ್ಮ ಕಡೆ ಮಾತು! ಅಕೀದು ಗರಗ ಅಂತ. ಜಾಗಾ ಸಾಲದ ಮೂವತ್ತು ಮಂದಿ ಅಲ್ಲೇ ಉಳದಾರ. ಹೊಳ್ಳಿ ಬರ್ತೇನಿ ಅಂತ ಅವರಿಗೆ ಮಾತು ಕೊಟ್ಟಾಳ. ಚಾ ಸೈತ ಕುಡೀಲಿಲ್ಲವಾ, ಬ್ಯಾರೆ ವಿಮಾನದ ಕಡೆ ನಡದ್ಲು."

ಕರುಣಾ ನನ್ನ ಮುಖ ನೋಡಿದಳು. ಅಕ್ಕನ ನಂಬರಿಗೆ ಫೋನ್ ಹಚ್ಚಿದೆ. ಸ್ವಿಚ್ ಆಫ್. ಕರುಣಾನ ಅಪ್ಪ ಎಲ್ಲ ಹೇಳಿದರು ಅಂತ ಮೆಸೇಜ್ ಹಾಕಿದೆ.

ಮಾರ್ಚ್ 9, ಗರಗ

ಕಾಲೇಜಿಗೆ ಚಕ್ಕರ್. ಬಸ್ಸಿನಲ್ಲಿದ್ದಾಗ ಅಕ್ಕನ ಮೆಸೇಜ್.

"ನಿನ್ನೆ ಇಳಿಯಾಕ ಆಗಲಿಲ್ಲ. ಬರೀ ಹೊಗಿ. ಇವತ್ತ ಮತ್ತ ಹೊಂಟೇನಿ. ಅವ್ವಗ ಸುಳ್ಳ ಬ್ಯಾಡ, ಎಲ್ಲಾ ಹೇಳು. ಏನಂದ್ಲು ಬರಿ. ಫೋನ್ ಇಲ್ಲೇ ಒಪ್ಪಿಸಿ ಹೋಗಬೇಕು, ಅಷ್ಟರಾಗ ಬರದ್ರ ಓದ್ತೇನಿ."

ಮನೆಗೆ ಬಂದರೆ ಕಟ್ಟೆಯ ಮೇಲೆ ಪಕ್ಕದ ಮನೆಯ ಸಾವಕ್ಕ.

"ಆಗ್ರಾದಾಗ ಪೇಠಾ ಫೇಮಸ್ ಅಂತ. ಸೌಮ್ಯಾ ತರ್ತಾಳ, ನಿನಗೂ ಕೊಡ್ತೇನಿ" ಅನ್ನುತ್ತಿದ್ದಳು ಅವ್ವ.

"ಕುಂಬಳಕಾಯಿದಂತಲ್ಲ ಅದು! ನಮ್ಮ ಫೇಡೇದ ಮುಂದ ಅದೇನ ಬಿಡ."

ಇಬ್ಬರೂ ನಕ್ಕರು. ನಾನು ಚಹಾ ಕುಡಿದೆ. ಸಾವಕ್ಕ ಏಳಲಿಲ್ಲ. ಇನ್ನೊಂದು ಕಪ್ ಕುಡಿದೆ... ಅವಳು ಹೋದ ಮೇಲೆ ಹೇಳಿದೆ. ಮಣ್ಣಿನ ಪಟ್ಟಿ, ಗುಂಡು, ತೂತು, ಎಲ್ಲ.

ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡೇ ಕುಳಿತಳು.

"ಎಷ್ಟ್ ಮಂದಿ ಉಳದಾರಂದಿ?"

"ಮೂವತ್ತು."

"ಅವರ ಅವ್ವಗೋಳೂ ಕಾಯಾಕತ್ತಿರ್ತಾರ." ಸೆರಗಿನಿಂದ ಮುಖ ಒರೆಸಿಕೊಂಡಳು. "ಹೋಗಿ ಬಾ ಅಂದ್ಲು ಅಂತ ಬರಿ. ಬರಿ ಲಗೂ, ನನ್ನ ಮಾರಿ ಏನ್ ನೋಡ್ತಿ?"

ಬರೆದೆ. ಸೆಂಡ್. ತಲುಪಲಿಲ್ಲ, ಒಂದೇ ಟಿಕ್.

ಸಾವಕ್ಕನ ಮುಂದೆಯೇ ಹೇಳಬಹುದಿತ್ತು. ಅವ್ವನನ್ನು ಒಳಗೆ ಕರೆಯಬಹುದಿತ್ತು. ಹೆದರಿ ಕುಳಿತೆ. ಚಹಾ ಕುಡಿದೆ!

"ಓದಿದ್ಲೇನು?" ಅವ್ವ ಅಡುಗೆಮನೆಯಿಂದ.

"ಓದಿದ್ಲವಾ."

ಇನ್ನೂ ಒಂದೇ ಟಿಕ್. ಅಕ್ಕಾ, ಅವ್ವ ಹೋಗಿ ಬಾ ಅಂದಿದ್ದಾಳೆ. ಖರೇ ಅಂದಿದ್ದಾಳೆ. ಫೋನ್ ಇನ್ನೂ ಕೈಯಲ್ಲಿದ್ದರೆ ಒಂದೇ ಒಂದು ರಿಪ್ಲೈ ಮಾಡು, ಲಗೂ