ಕೆಂಪಿಗೆ ಮೊದಲು ಒಂದು ಮಾತು

ಮಾರ್ಚ್ 3, ಸೋಮವಾರ

ಬೆಳಗ್ಗೆ ಟೀಗೆ ನೀರಿಟ್ಟು ಫೋನ್ ತೆಗೆದೆ. ಹಳೆ ಸಾಮಾನಿನ ಆ್ಯಪಿನಲ್ಲಿ ಹರಾಜು ಗೆದ್ದಿದ್ದೇನೆ! ಕೆನೆ ಬಣ್ಣದ ಕಪ್, ಅಂಚಿಗೆ ನೀಲಿ ಗೆರೆ, ಹಿಡಿಯ ಬುಡದಲ್ಲಿ ಪುಟ್ಟ ಎಲೆ. ಅತ್ತೆಯ ಸೆಟ್ಟಿನದೇ. ಎದುರಿಗೆ ಯಾರೋ ಕೊನೆಯ ಗಳಿಗೆಯವರೆಗೂ ಬಿಡ್ ಏರಿಸುತ್ತಲೇ ಇದ್ದರು. ಕಪ್ ಒಡೆದ ಸೊಸೆ ಲೋಕದಲ್ಲಿ ನಾನೊಬ್ಬಳೇ ಅಲ್ಲ.

ಅತ್ತೆ ನಾದಿನಿಯ ಮನೆಯಲ್ಲಿದ್ದಾರೆ, ಮಗು ನೋಡಿಕೊಳ್ಳಲು. ಬರುವಷ್ಟರಲ್ಲಿ ಶೋಕೇಸಿನಲ್ಲಿ ಆರು ಕಪ್ ಆರಾಗಿಯೇ ಇರಬೇಕು. ಮಾವ ಕೊಡಿಸಿದ ಸೆಟ್. ಅವರು ಹೋದ ಮೇಲೆ ಅತ್ತೆ ಅದರಲ್ಲಿ ಟೀ ಕುಡಿದಿಲ್ಲ, ವಾರಕ್ಕೊಮ್ಮೆ ಒರೆಸಿಡುತ್ತಾರೆ ಅಷ್ಟೆ. ಅತ್ತೆಯಿಲ್ಲದಾಗ ಒರೆಸಲು ಹೋಗಿ ಬೀಳಿಸಿದವಳು ನಾನು. ಇವರಿಗೂ ಹೇಳಿಲ್ಲ. ಇವರ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ, ಸಂಜೆಯೊಳಗೆ ತಂಗಿಗೆ ಫೋನ್ ಹೋಗಿರುತ್ತದೆ.

ಹಣ ಕಳಿಸಿದ ಸ್ವಲ್ಪ ಹೊತ್ತಿಗೇ ಮಾರಿದವರಿಂದ ಹಸಿರು ಗುರುತಿನ ಫೀಡ್‌ಬ್ಯಾಕ್ ಬಂತು. 'ಕೂಡಲೇ ಹಣ ಕೊಟ್ಟರು. ಒಳ್ಳೆಯ ಗಿರಾಕಿ.' ಇದು ಮರ್ಯಾದೆ ಅಂದರೆ. ಕೆಲವರು ನೀನು ಮೊದಲು ಹೊಗಳು, ಆಮೇಲೆ ನಾನು ಎಂದು ಕಾದು ಕೂರುತ್ತಾರೆ. ಮಾರಿದವರ ಅಂಗಡಿಯ ಹೆಸರು 'ಒಂಟಿಕಪ್'. ಸೆಟ್ಟು ತಪ್ಪಿದ ಕಪ್ಪು, ಸಾಸರು, ಮುಚ್ಚಳ — ಬರೀ ಒಂಟಿಗಳದ್ದೇ ವ್ಯಾಪಾರ. ಪುಟದ ತುಂಬ ಹಸಿರು. ದೂರಿನ ಕೆಂಪು ಒಂದೂ ಇಲ್ಲ.

ನಾನು ಕೆಲಸ ಮಾಡುವ ಲಾಂಡ್ರಿಯಲ್ಲಿ ಇಸ್ತ್ರಿ ಅಣ್ಣನಿಗೆ ಇದನ್ನೇ ಹೇಳಿದೆ. ಅವನೂ ಹೊಸದಾಗಿ ಅಕೌಂಟ್ ಮಾಡಿಕೊಂಡಿದ್ದಾನೆ, ಹಳೆ ರೇಡಿಯೋ ಹುಚ್ಚು. ನನ್ನ ನಿಯಮಗಳನ್ನೆಲ್ಲ ಒಪ್ಪಿಸಿದೆ. ಪೆಟ್ಟಿಗೆ ಬಿಚ್ಚದೆ ಹಸಿರು ಕೊಡಬಾರದು. ಬಿಚ್ಚಿದ ಮೇಲೆ ತಡ ಮಾಡಬಾರದು. ತಕರಾರಿದ್ದರೆ ಮೊದಲು ಮೆಸೇಜ್, ಮಾತಿಗೆ ಬಗ್ಗದಿದ್ದರೆ ಮಾತ್ರ ಕೆಂಪು.

"ಅಂದ್ರೆ ಕೆಂಪಿಗೆ ಮೊದಲು ಒಂದು ಮಾತು," ಅಂದ.

ಹೌದು. ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದ.

ಮಾರ್ಚ್ 7, ಶುಕ್ರವಾರ. ರಾತ್ರಿ ಊಟಕ್ಕೆ ಮೊದಲು

ಒಲೆ ಹಚ್ಚದೆ ಬರೆಯಲು ಕೂತಿದ್ದೇನೆ.

ಮಧ್ಯಾಹ್ನ ಗಿರಾಕಿಯೊಬ್ಬ, ಬ್ಯಾಂಕಿನವನು, ಬಂದು ಲಾಂಡ್ರಿಯ ಕೌಂಟರಿನ ಮೇಲೆ ಅಂಗಿ ಎಸೆದ. ಜೇಬಿನ ಬುಡದಲ್ಲಿ ಶಾಯಿ. ನಾವೇ ಮಾಡಿದ್ದಂತೆ. ತರುವಾಗಲೇ ಇತ್ತು, ಚೀಟಿಯಲ್ಲಿ 'ಕಲೆ ಇದೆ' ಎಂದು ನಾನೇ ಬರೆದಿದ್ದೇನೆ. ತೋರಿಸಿದೆ. "ಇದನ್ನ ಈಗ ಬರ್ಕೊಂಡಿದ್ದೀರಿ," ಅಂದ. ನಾಲ್ಕು ಜನರ ಮುಂದೆ. ಯಜಮಾನರು ಒಳಗಿಂದ ಬಂದು, ಹೋಗ್ಲಿ ಬಿಡಮ್ಮ, ಸಾರಿ ಅಂದ್ಬಿಡು ಅಂದರು. ಅಂದೆ.

ಮನೆಗೆ ಬಂದರೆ ಗೇಟಿನ ಒಳಗೆ, ಹೂವಿನ ಕುಂಡದ ಪಕ್ಕ ಪಾರ್ಸೆಲ್. ಎತ್ತಿದೆ. ಒಳಗೆ ಕಿಣಿಕಿಣಿ.

ಎಲೆ ಒಂದು ಚೂರಿನಲ್ಲಿ, ಹಿಡಿ ಒಂದು ಚೂರಿನಲ್ಲಿ.

ಚಪ್ಪಲಿ ಬಿಡದೆ, ನಿಂತಲ್ಲೇ ಬರೆದೆ. ಕೆಂಪು. 'ಪ್ಯಾಕಿಂಗ್ ದಂಡ. ಕಪ್ ಎಂದು ಚೂರು ಕಳಿಸುತ್ತಾರೆ. ಯಾರೂ ನಂಬಬೇಡಿ.' ಒತ್ತಿದೆ. ಹಾಯೆನಿಸಿತು. ಸುಳ್ಳೇಕೆ, ಬಹಳ ಹಾಯೆನಿಸಿತು.

ಮಾರ್ಚ್ 8, ಶನಿವಾರ

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಇಲ್ಲಿ ಬ್ಯಾಂಕಿನವನ ಮೇಲಿನದು ಕಪ್ ಮಾರುವವನ ಮೇಲೆ. ಮೆಸೇಜ್ ಮಾಡಿ ಕೇಳಬಹುದಿತ್ತು.

ಒಂಟಿಕಪ್‌ನವರು ಕೇಳದೆಯೇ ರೀಫಂಡ್ ಕಳಿಸಿದ್ದಾರೆ. ಕೆಂಪಿನ ಕೆಳಗೆ ಉತ್ತರವನ್ನೂ ಹಾಕಿದ್ದಾರೆ. 'ಲೇಬಲ್ ಓದಿದ ಮೇಲಾದರೂ ಇನ್ನೂ ದಪ್ಪ ಸುತ್ತಬೇಕಿತ್ತು. ತಪ್ಪು ನನ್ನದು.'

ಯಾವ ಲೇಬಲ್ಲೋ. ಒಪ್ಪಿಕೊಂಡರಲ್ಲ, ಸಾಕು.

ಆದರೂ ಆ ಪುಟ ನೋಡಲು ಆಗುತ್ತಿಲ್ಲ. ಅಷ್ಟೂ ಹಸಿರಿನ ನೆತ್ತಿಯ ಮೇಲೆ ನನ್ನ ಕೆಂಪು. ಬಿಳಿ ಅಂಗಿಯಲ್ಲಿ ಕಲೆ ಎಲ್ಲಿದೆ ಎಂದು ಹುಡುಕಬೇಕಾಗುವುದಿಲ್ಲ.

ಮಾರ್ಚ್ 16, ಭಾನುವಾರ

ರದ್ದಿಯವನಿಗೆ ಹಾಕಲು ಪೆಟ್ಟಿಗೆಗಳನ್ನು ಮಡಿಸುತ್ತಿದ್ದೆ. ಕಪ್ ಬಂದ ಪೆಟ್ಟಿಗೆಯೂ ಇತ್ತು. ಒಂದು ಮೂಲೆ ಜಜ್ಜಿಹೋಗಿದೆ. ಮೇಲೆ ನನ್ನ ವಿಳಾಸ. ವಿಳಾಸದ ಕೆಳಗೆ ಇನ್ನೆರಡು ಸಾಲು, ದಪ್ಪಕ್ಷರದಲ್ಲಿ:

'ಬೆಲ್ ಮಾಡಬೇಡಿ, ಮನೆಯಲ್ಲಿ ರೋಗಿ ಇದ್ದಾರೆ. ಗೇಟಿನ ಮೇಲಿಂದ ಎಸೆದು ಹೋಗಿ.'

ನಾನು ಬರೆದದ್ದು. ಮಾವ ಮಲಗಿದ್ದಾಗ. ಆಗ ತರಿಸುತ್ತಿದ್ದುದು ಹಾಸುಬಟ್ಟೆ, ದಿಂಬಿನ ಕವರು, ಹತ್ತಿ. ಎಸೆದರೆ ಏನೂ ಆಗುತ್ತಿರಲಿಲ್ಲ. ಬೆಲ್ ಸದ್ದಿಗೆ ಅವರು ಬೆಚ್ಚಿ ಎದ್ದರೆ ಆಮೇಲೆ ನಿದ್ದೆ ಬರುತ್ತಿರಲಿಲ್ಲ. ಅವರು ಹೋಗಿ ವರ್ಷದ ಮೇಲಾಯಿತು. ಆ ಸಾಲು ಮಾತ್ರ ಅಕೌಂಟಿನಲ್ಲಿ ಉಳಿದುಕೊಂಡಿತ್ತು.

ಕಪ್ ಎಸೆಯಿರಿ ಎಂದು ನಾನೇ ಹೇಳಿದ್ದೇನೆ. ಪಾರ್ಸೆಲ್ಲಿನವರು ಹೇಳಿದಂತೆ ಕೇಳಿದ್ದಾರೆ.

ಈ ಲೇಬಲ್ಲನ್ನು ಪೆಟ್ಟಿಗೆಗೆ ಅಂಟಿಸಿದವರು ಒಂಟಿಕಪ್‌ನವರು. ಓದಿಯೇ ಅಂಟಿಸಿದ್ದಾರೆ. ಆ ಎರಡು ಸಾಲನ್ನು ನನ್ನ ಕೆಂಪಿನ ಕೆಳಗೆ ಹಾಕಿಬಿಟ್ಟಿದ್ದರೆ ನಾನು ಮುಖ ಮುಚ್ಚಿಕೊಳ್ಳಬೇಕಿತ್ತು. ಹಾಕಲಿಲ್ಲ. ರೋಗಿ ಇರುವ ಮನೆ ಎಂದು ಸುಮ್ಮನಾದರು.

ನಾಚಿಕೆಯಾಗುತ್ತಿದೆ. ಬರೆಯಲೂ ನಾಚಿಕೆ.

ಅದೇ ದಿನ, ಸಂಜೆ

ಅಕೌಂಟಿನಿಂದ ಆ ಸಾಲು ಅಳಿಸಿದೆ. ಮಾವ ಇನ್ನೊಂದು ಸಲ ಹೋದ ಹಾಗಾಯಿತು.

ಕೊಟ್ಟ ಕೆಂಪು ತೆಗೆಯಲು ಬರುವುದಿಲ್ಲ. ಅದರಡಿ ಒಂದು ಸಾಲು ಸೇರಿಸಬಹುದು, ಒಂದೇ ಸಲ. 'ತಪ್ಪು ನನ್ನದು, ಕ್ಷಮಿಸಿ' ಎಂದು ಬರೆದೆ. ಅಳಿಸಿದೆ. ಇಸ್ತ್ರಿ ಅಣ್ಣ ಓದುತ್ತಾನೆ. ಅಷ್ಟು ಉಪದೇಶ ಮಾಡಿದ್ದೇನೆ ಅವನಿಗೆ. ಒಂಟಿಕಪ್‌ನವರಿಗೆ ಮೆಸೇಜ್ ಮಾಡೋಣವೆಂದರೆ ಬೆರಳೇ ಓಡುವುದಿಲ್ಲ. ರೀಫಂಡ್ ಬೇರೆ ತೆಗೆದುಕೊಂಡು ಕೂತಿದ್ದೇನೆ.

ಇನ್ನೊಂದು ದಾರಿ ಇದೆ. ಅವರಿಂದಲೇ ಇನ್ನಷ್ಟು ಕೊಳ್ಳುವುದು. ಹಸಿರು ಕೊಡುವುದು. ಕೆಂಪು ಕೆಳಗೆ ಸರಿದುಹೋಗುತ್ತದೆ. ನನ್ನ ಹೆಸರಲ್ಲಿ ಬೇಡ, ಇವರ ಅಕೌಂಟಿದೆಯಲ್ಲ.

ಮಾರ್ಚ್ 30, ಭಾನುವಾರ

ಬೀರುವಿನಲ್ಲಿ ಸೀರೆಗಳ ಹಿಂದೆ ನಾಲ್ಕು ಸಾಸರು, ಎರಡು ಮುಚ್ಚಳ, ಮೂತಿ ಸೊಟ್ಟಗಿರುವ ಒಂದು ಟೀಪಾಟ್. ಯಾವುದಕ್ಕೂ ಜೋಡಿಯಿಲ್ಲ. ಒಂದೊಂದೂ ಎಷ್ಟು ಜೋಪಾನವಾಗಿ ಬಂದಿದೆಯೆಂದರೆ ಬಿಚ್ಚುವಷ್ಟರಲ್ಲಿ ಬೆರಳು ನೋಯುತ್ತದೆ.

ಇವರ ಹೆಸರಲ್ಲಿ ಹಸಿರು: 'ಇಂಥ ಪ್ರಾಮಾಣಿಕರು ಸಿಗುವುದು ಅಪರೂಪ.' ಇಸ್ತ್ರಿ ಅಣ್ಣನ ಫೋನ್ ಇಸಿದುಕೊಂಡು ಅವನ ಹೆಸರಲ್ಲೂ: 'ಪ್ಯಾಕಿಂಗ್ ಅಂದರೆ ಇವರದು. ಕಣ್ಣು ಮುಚ್ಚಿ ನಂಬಬಹುದು.' ವಿಳಾಸ ಮಾತ್ರ ನಮ್ಮನೆಯದೇ.

"ಅಕ್ಕಾ, ನನ್ನ ಹೆಸರಲ್ಲಿ ಸಾಸರ್ ಯಾಕೆ? ನಾನು ಲೋಟದಲ್ಲಿ ಕುಡಿಯೋನು," ಅಂದ.

"ಸುಮ್ನಿರಪ್ಪ, ಒಳ್ಳೇ ಕೆಲಸಕ್ಕೆ."

"ಒಳ್ಳೇ ಕೆಲಸ ಆದ್ರೆ ನಿಮ್ಮ ಹೆಸರಲ್ಲೇ ಮಾಡ್ಬೋದಿತ್ತಲ್ಲ."

ಬಟ್ಟೆಗೆ ಟ್ಯಾಗ್ ಹೊಲಿಯುವುದಿದೆ ಎಂದು ಎದ್ದು ಬಂದೆ.

ಕೆಂಪು ಪುಟದ ಕೆಳಗೆ ಹೋಗಿದೆ. ನಿದ್ದೆ ಚೆನ್ನಾಗಿ ಬರುತ್ತಿದೆ.

ಏಪ್ರಿಲ್ 9, ಬುಧವಾರ

ಒಂಟಿಕಪ್ ಅಂಗಡಿ ಮುಚ್ಚಿದೆ.

ಪುಟ ತೆರೆದರೆ ಬೂದು ಬಣ್ಣ. 'ಫೀಡ್‌ಬ್ಯಾಕಿನಲ್ಲಿ ಮೋಸದ ಅನುಮಾನ. ಖಾತೆ ತಡೆಹಿಡಿಯಲಾಗಿದೆ.' ಒಂದೇ ಮನೆಯಿಂದ ಒಂದು ಕೆಂಪು, ಹಿಂದೆಯೇ ಬೇರೆ ಬೇರೆ ಹೆಸರಲ್ಲಿ ಸಕ್ಕರೆ ಸುರಿದಂಥ ಹೊಗಳಿಕೆ. ಅವರೇ ನನ್ನ ಕೈ ಬಿಸಿ ಮಾಡಿ ಬರೆಸಿದ್ದಾರೆ ಎಂದು ಆ್ಯಪಿನ ಕಂಪನಿ ತಿಳಿದಿದೆ.

ಒಂಟಿಕಪ್‌ನವರಿಂದ ಮೆಸೇಜ್. ಮೊದಲನೆಯದು. ಇಲ್ಲಿ ಇಳಿಸಿಕೊಳ್ಳುತ್ತೇನೆ, ಓದಿ ಓದಿ ಬಾಯಿಪಾಠವಾಗಿದೆ.

'ಅಮ್ಮಾ, ನಮಸ್ಕಾರ. ಆ ಪಾರ್ಸೆಲ್‌ಗಳೆಲ್ಲ ನಿಮ್ಮ ಮನೆಗೇ ಬಂದವು. ನಾನು ಹೇಳಿ ಬರೆಸಿದ್ದಲ್ಲ ಎಂದು ನೀವು ಕಂಪನಿಗೆ ಒಂದು ಮಾತು ಬರೆದರೆ ಅಂಗಡಿ ಬಿಡುತ್ತಾರಂತೆ. ನನಗೆ ಬೇರೆ ಕಸುಬಿಲ್ಲ. ನಿಮಗೆ ತೊಂದರೆಯಾಗುವುದಾದರೆ ಬೇಡ.'

ಬೇಡ ಅನ್ನುತ್ತಾರೆ! ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಗಾಯಕ್ಕೆ ಉಪ್ಪು ಸವರಿ ಮುಲಾಮು ಅಂದುಕೊಂಡಿದ್ದೇನೆ ಇಷ್ಟು ದಿನ.

ಕಂಪನಿಯ ಪುಟ ತೆರೆದೆ. ಯಾರು, ಯಾವ ಯಾವ ಅಕೌಂಟ್, ಏಕೆ. ಬರೆದರೆ ನನ್ನ ಅಕೌಂಟ್ ಹೋಗುತ್ತದೆ, ಇವರದೂ, ಇಸ್ತ್ರಿ ಅಣ್ಣನದೂ. ಏಕೆ ಎಂದು ಇವರು ಕೇಳುತ್ತಾರೆ. ಕಪ್ಪಿನ ಕತೆ ಹೊರಬೀಳುತ್ತದೆ. ಅತ್ತೆ ನಾಳೆ ಬರುತ್ತಾರೆ.

ಮುಚ್ಚಿದೆ.

ಏಪ್ರಿಲ್ 11, ಶುಕ್ರವಾರ

ಅತ್ತೆ ಬಂದಿದ್ದಾರೆ. ಉಳಿದ ಐದು ಕಪ್ಪನ್ನು ಶೋಕೇಸಿನಲ್ಲಿ ಎರಡು ಸಾಲಾಗಿ, ಹಿಂದೆ ಮುಂದೆ ಮಾಡಿ ಇಟ್ಟಿದ್ದೇನೆ. ಅತ್ತೆ ಇನ್ನೂ ಒರೆಸಲು ಕೈ ಹಾಕಿಲ್ಲ. ದಾರಿಯ ದಣಿವು.

ಬ್ಯಾಂಕಿನವನು ಇವತ್ತು ಲಾಂಡ್ರಿಗೆ ಬಂದಿದ್ದ. ಕೈಯಲ್ಲಿ ಬಿಸ್ಕತ್ತಿನ ಡಬ್ಬ. "ತಗೊಳ್ಳಿ ಮೇಡಂ, ಎಲ್ಲರೂ ತಿನ್ನಿ. ನಿಮ್ಮಲ್ಲಿ ಸರ್ವಿಸ್ ಸೂಪರ್." ಹೊಸ ಅಂಗಿಯ ಜೇಬಿನ ಬುಡದಲ್ಲೂ ಅದೇ ಶಾಯಿ. ಅವನ ಪೆನ್ನೇ ಸೋರುತ್ತದೆ, ಅವನಿಗೂ ಗೊತ್ತಾಗಿದೆ. ಮಳೆ, ಬಿಸಿಲು, ಟ್ರಾಫಿಕ್ಕು, ಎಲ್ಲ ಮಾತಾಡಿದ. ತಪ್ಪಾಯ್ತು ಅನ್ನುವುದೊಂದು ಬಿಟ್ಟು.

ಡಬ್ಬವನ್ನು ಅವನ ತಲೆಗೆ ಹಾಕೋಣ ಎನ್ನಿಸಿತು. ಆಮೇಲೆ ಬೀರುವಿನಲ್ಲಿರುವ ಸಾಸರುಗಳು ನೆನಪಾದವು. ಬಿಸ್ಕತ್ತು ಮುಟ್ಟಲಿಲ್ಲ.

ನಾಳೆ ಖಂಡಿತ ಬರೆಯುತ್ತೇನೆ.

ಏಪ್ರಿಲ್ 13, ಭಾನುವಾರ. ಮಧ್ಯಾಹ್ನ

ನಿನ್ನೆ ಬರೆಯಲಿಲ್ಲ.

ಈಗ ರೂಮಿನ ಬಾಗಿಲು ಹಾಕಿಕೊಂಡು ಕೂತಿದ್ದೇನೆ. ಕಂಪನಿಯ ಪುಟ ಫೋನಿನಲ್ಲಿ ತೆರೆದೇ ಇದೆ. ಮೊದಲು ಇಲ್ಲಿ ಬರೆದುಕೊಂಡರೆ ಕೈ ಓಡೀತು.

ಅತ್ತೆ ಗೇಟಿನ ಹತ್ತಿರ ಕುಂಡಕ್ಕೆ ನೀರು ಹಾಕುತ್ತಿದ್ದರು. ಕೊರಿಯರ್‌ನವನು ಬಂದು ಮೆಲ್ಲಗೆ, ಗುಟ್ಟು ಹೇಳುವವನಂತೆ, ಒಂದು ಪಾರ್ಸೆಲ್ಲನ್ನು ಅವರ ಕೈಗಿಟ್ಟು ಹೋದನಂತೆ. ಕಂಪನಿಯ ಲೇಬಲ್ ಇಲ್ಲ. ಕೈಬರಹದ ವಿಳಾಸ. ಅದರ ಕೆಳಗೆ ದೊಡ್ಡಕ್ಷರ: 'ದಯವಿಟ್ಟು ಸದ್ದು ಮಾಡಬೇಡಿ. ಮನೆಯಲ್ಲಿ ಹುಷಾರಿಲ್ಲದವರಿದ್ದಾರೆ.'

"ಯಾರಿಗೆ ಹುಷಾರಿಲ್ವೇ?" ಎಂದು ಕೇಳುತ್ತಲೇ ಅತ್ತೆ ಒಳಗೆ ಬಂದರು. "ನನಗೆ ಗೊತ್ತಿಲ್ದೆ ಇರೋ ಹಾಗೆ? ನನ್ನ ಮಗನಿಗಾ?"

ಅವರೇ ಬಿಚ್ಚಿದರು. ಬಟ್ಟೆ, ಅದರೊಳಗೆ ಕಾಗದ, ಅದರೊಳಗೆ ಹತ್ತಿ. ಬಿಚ್ಚುತ್ತಾ ಹೋದರು, ನಾನು ನಿಂತು ನೋಡುತ್ತಾ ಹೋದೆ. ಕೊನೆಗೆ ಕೆನೆ ಬಣ್ಣ, ನೀಲಿ ಗೆರೆ, ಎಲೆ.

ಒಳಗೊಂದು ಚೀಟಿ. ಅತ್ತೆ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. 'ಇದರ ಜೋಡಿ ಇನ್ನೊಂದು ಸಿಕ್ಕಿತು ಅಮ್ಮಾ. ಹಣ ಬೇಡ. ಈ ಸಲ ಎಸೆದರೂ ಒಡೆಯುವುದಿಲ್ಲ. ನಿಮ್ಮ ಮನೆಯ ರೋಗಿ ಈಗ ಹೇಗಿದ್ದಾರೆ?'

ಅತ್ತೆ ಶೋಕೇಸಿನ ಕಡೆ ನೋಡಲಿಲ್ಲ. ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು.

"ಇವರು ಯಾರೇ? ನಿಮ್ಮ ಮಾವನ್ನ ಕೇಳ್ತಿದ್ದಾರಲ್ಲ," ಅಂದರು. "ಪಾಪ, ಅವರಿಗಿನ್ನೂ ಯಾರೂ ಹೇಳಿಲ್ವಾ?"

ಬಂದೆ ಅತ್ತೆ, ಎಂದು ರೂಮಿಗೆ ಓಡಿ ಬಂದವಳು ನಾನು. ಅಂಗಡಿ ಕಳೆದುಕೊಂಡ ಮೇಲೂ ಕಪ್ ಹುಡುಕಿ ಕಳಿಸಿದ್ದಾರೆ ಆ ಮನುಷ್ಯ. ಅತ್ತು ಆಯಿತು.

ಬಾಗಿಲು ತಟ್ಟುತ್ತಿದ್ದಾರೆ. ಕಪ್ ಇನ್ನೂ ಅವರ ಕೈಯಲ್ಲೇ ಇರಬೇಕು. ಅತ್ತೆಗೂ ಕಂಪನಿಗೂ ಒಂದೇ ಮಾತಿನಿಂದ ಶುರು ಮಾಡಬಹುದು: ಒಡೆದವಳು ನಾನೇ, ಎರಡು ಸಲವೂ. ಮೊದಲನೆಯದು ಒರೆಸುವಾಗ, ಎರಡನೆಯದು—