ಗುರಿಕಾರ್ರ ಎಣ್ಣೆಸ್ನಾನ

ಮರ್ಕಂಜ
ಸೋಮವಾರ, 17 ನವೆಂಬರ್ 2025

ಪ್ರೀತಿಯ ಅಳಿಯ ಸಂಪ್ರೀತನಿಗೆ,

ಹೇಗಿದ್ದೀ? ಬೆಳಗಾವಿಯಲ್ಲಿ ಈಗಲೇ ಚಳಿ ಹಿಡಿದಿದೆಯೆಂದು ಪೇಪರಿನಲ್ಲಿ ಓದಿದೆ. ಬೂಟು ಕಚ್ಚಿ ಹಿಮ್ಮಡಿ ಸುಲಿದಿದೆ ಎಂದಿದ್ದೆಯಲ್ಲ, ಅದು ವಾಸಿಯಾಯಿತೇ? ಟ್ರೈನಿಂಗಿನವರು ಕೊಡುವ ಊಟವನ್ನು ಹೊಟ್ಟೆ ತುಂಬ ಮಾಡು, ಮೀನಿಲ್ಲವೆಂದು ಮುಖ ಸಣ್ಣದು ಮಾಡಬೇಡ. ಇಲ್ಲಿ ನಾವೆಲ್ಲ ಆರೋಗ್ಯ. ನಿನ್ನ ಅಕ್ಕ ಪೂಜಿತಾ ಎದ್ದು ಓಡಾಡುತ್ತಿದ್ದಾಳೆ. ಮಗು ಹಗಲಿಡೀ ಮಲಗಿ ನಮಗೆ ಮಲಗುವ ಹೊತ್ತಾದಾಗ ಕಣ್ಣು ಬಿಡುತ್ತದೆ. ಮೂಗು ಸೋದರಮಾವನಾದ ನಿನ್ನದ್ದೇ ಎಂದು ನೋಡಲು ಬಂದವರೆಲ್ಲ ಹೇಳುತ್ತಾರೆ. ಪಾಪ, ಹೆಣ್ಣುಮಗು, ದೊಡ್ಡದಾಗುವಾಗ ಸರಿಯಾದೀತು.

ಫೋನಿನಲ್ಲಿ ನೀನು ಸಿಗುವ ಆ ಚೂರು ಹೊತ್ತಿನಲ್ಲಿ ಹೇಳಲಾಗದ ವಿಷಯವೊಂದು ಉಂಟು. ನಿನ್ನ ಅಮ್ಮ ಪಕ್ಕದಲ್ಲೇ ನಿಂತು ಕಣ್ಣಿನಲ್ಲಿ ಬೇಡ ಬೇಡ ಎನ್ನುತ್ತಿದ್ದಳು, ನಾನೂ ನುಂಗಿಕೊಂಡೆ. ನಿನ್ನ ಗುರಿಕಾರ್ರು ತೀರಿಹೋದರು, ಸಂಪ್ರೀತ. ದೀಪಾವಳಿ ಕಳೆದ ವಾರದಲ್ಲೇ. ಆಮೇಲಿನ ಭಾನುವಾರಗಳಲ್ಲಿ ನೀನು ಕೇಳಿದಾಗೆಲ್ಲ ನಾವು 'ಬಲ್ಬಿನ ಅಡಿಯಲ್ಲಿ ಮಲಗಿದ್ದಾರೆ' ಎಂದದ್ದು ಸುಳ್ಳು. ದೇಶ ಕಾಯಲು ಹೋದವನಿಗೆ ಮನೆಯಿಂದ ಸುಳ್ಳು ಹೇಳಿದೆವಲ್ಲ ಎಂದು ನನಗೆ ಊಟ ರುಚಿಸುವುದಿಲ್ಲ.

ಇದು ನಡೆದ ಕ್ರಮವನ್ನು ನನಗೆ ಮೊದಲು ಹೇಳಿದವಳು ನಿನ್ನ ಅಮ್ಮ, ಚತುರ್ದಶಿಯ ಮಧ್ಯಾಹ್ನ, ಬಚ್ಚಲಿನ ಬಾಗಿಲಲ್ಲಿ ನಿಂತು. ನಾನು ಪೂಜಿತಾಳನ್ನು ಬಾಣಂತನಕ್ಕೆ ಕರೆತರಲು ಹಿಂದಿನ ದಿನವೇ ಕಡಬಕ್ಕೆ ಹೋಗಿದ್ದೆ. ಅವಳ ಅತ್ತೆ ಮನೆಯವರು ಸಿಡಿಲು ಮಳೆಯಲ್ಲಿ ಬಸುರಿಯನ್ನು ಹೊರಡಿಸುವುದು ಬೇಡವೆಂದು ಹಿಡಿದು ಕೂರಿಸಿದರು. ಮರುದಿನ ಮನೆಗೆ ಬಂದು ಕಾರಿನಿಂದ ಇಳಿಯುವ ಮೊದಲೇ ನಿನ್ನ ಅಮ್ಮ, "ಮಹಾಬಲ, ಒಮ್ಮೆ ಗುರಿಕಾರ್ರನ್ನು ನೋಡು ಮಾರಾಯ, ಮೂಗಿನಲ್ಲಿ ನೊರೆ ಬರ್ತಾ ಉಂಟು" ಎಂದಳು.

ನೀನು ಹೊರಡುವ ಮೊದಲು ನನ್ನನ್ನು ಕೂರಿಸಿ ಕಲಿಸಿದ್ದೆಯಲ್ಲ. ನಿನ್ನ ಗೆಳೆಯ ಸಿದ್ದೀಕ್ ಗಾಜಿನ ಪೆಟ್ಟಿಗೆ ಸಮೇತ ಕೊಟ್ಟುಹೋದ, ಊರ ಹಿರಿಯರ ಹಾಗೆ ಕಾಣುತ್ತದೆಂದು ನೀನು ಗುರಿಕಾರ್ರು ಎಂದು ಹೆಸರಿಟ್ಟ ಆ ಗಡ್ಡದ ಓತಿ ಮರುಭೂಮಿಯ ಕಡೆಯ ಪ್ರಾಣಿ, ನಮ್ಮ ಊರಿನ ತೇವವೇ ಅದಕ್ಕೆ ಹೆಚ್ಚು, ಆದರೂ ಒಳಗೆ ನೀರು ಬೇಕು ಎಂದು. ಚಪ್ಪಟೆ ಬೇಸಿನ್ನಿನಲ್ಲಿ ಮುಂಗಾಲಿನ ಗಂಟು ಮುಳುಗುವಷ್ಟೇ ನೀರು, ಮಣಿಕಟ್ಟಿಗೆ ಹಾಕಿದರೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಎನ್ನಿಸಬೇಕು. ಕೈಯೊಂದು ಹತ್ತಿರದಲ್ಲೇ ಇರಬೇಕು, ಬಿಟ್ಟು ಹೋಗಬಾರದು. ಅದು ನೀರಿನಲ್ಲೇ ಹೇತರೆ ಕೂಡಲೇ ನೀರು ಬದಲಿಸಬೇಕು. ಮಿಂದಾದ ಮೇಲೆ ಬೆರಳ ಸಂದು ಸಹಿತ ಒರೆಸಿ ಒಣಗಿಸಿಯೇ ಕಾವಿನ ಬಲ್ಬಿನ ಅಡಿಗೆ ಬಿಡಬೇಕು. ಉಳಿದ ದಿನ ಮೂತಿಯ ತುದಿಗೆ ಒಂದೊಂದೇ ಹನಿ ಬಿಟ್ಟರೆ ನೆಕ್ಕುತ್ತದೆ, ಸೊಪ್ಪನ್ನು ತೊಳೆದು ಹನಿ ಇರುವಾಗಲೇ ಕೊಡಬೇಕು. ಎಲ್ಲ ನನಗೆ ಬಾಯಿಪಾಠ. ಆದರೆ ನನ್ನಲ್ಲೇ ಉಳಿಯಿತು. ಇಷ್ಟು ತಿಂಗಳು ಮೀಯಿಸಿದವನು ನಾನೇ, ಮನೆಯಲ್ಲಿ ಬೇರೆಯವರಿಗೂ ಹೇಳಿಡಬೇಕೆಂದು ತೋರಲಿಲ್ಲ. ಅದರಲ್ಲೂ ಹಬ್ಬದ ವಾರ ಸಾಮಾನು ತರುವುದು, ಸುಣ್ಣ ಹೊಡೆಸುವುದು ಎಂದು ಓಡಾಡಿ ಗುರಿಕಾರ್ರನ್ನು ನೀರಿಗೆ ಇಳಿಸಲೇ ಇಲ್ಲ. ಮೂತಿಗೆ ಹನಿ ಬಿಡುವುದನ್ನೂ ಮರೆತೆ.

ಅದನ್ನು ಕಂಡುಹಿಡಿದವರು ಊರಿನ ಎಳೆಮಕ್ಕಳನ್ನೆಲ್ಲ ಮೀಯಿಸುವ ದುಗ್ಗಮ್ಮ. ನಿನಗೆ ಗೊತ್ತಲ್ಲ, ಅವರು ಹಬ್ಬದ ಹಿಂದಿನ ಸಂಜೆ ಬಂದು ಬಚ್ಚಲಿನ ಹಂಡೆ ತೊಳೆದು, ನೀರು ತುಂಬಿಸಿ, ಹಂಡೆಯ ಕುತ್ತಿಗೆಗೆ ಬಳ್ಳಿ ಸುತ್ತದೆ ನಮ್ಮಲ್ಲಿ ದೀಪಾವಳಿ ಸುರುವಾಗುವುದಿಲ್ಲ. ಹೋಗುವ ಮೊದಲು ಗಾಜಿನ ಪೆಟ್ಟಿಗೆಗೆ ಬಗ್ಗಿ ನೋಡಿದರಂತೆ. ಕಣ್ಣು ಒಳಗೆ ಹೋಗಿದೆ, ಬದಿಯ ಚರ್ಮ ಚಿವುಟಿದರೆ ಚಿವುಟಿದ ಹಾಗೆಯೇ ನಿಲ್ಲುತ್ತದೆ. "ಪಂಕಜಕ್ಕ, ಇವರಿಗೆ ನೀರು ಸಾಲುದಿಲ್ಲ. ಒಣಗಿದ್ದಾರೆ" ಎಂದು ನಿನ್ನ ಅಮ್ಮನಲ್ಲಿ ಹೇಳಿದರಂತೆ. ಎಷ್ಟು ಸರಿಯಾಗಿ ಕಂಡರು ನೋಡು! ಅಲ್ಲಿಗೆ ನಿಂತಿದ್ದರೆ ಸಾಕಿತ್ತು. "ನಾಳೆ ಮನೆಮಂದಿ ಎಲ್ಲ ಎಣ್ಣೆ ಹಚ್ಚಿ ಮೀಯುದು, ದನಕ್ಕೂ ಮೈ ತೊಳೆಯುದು, ಇವರೊಬ್ಬರಿಗೆ ಇಲ್ಲದ್ದು ಎಂತಕ್ಕೆ?" ಎಂದು ಹೇಳಿದ್ದು ನಿನ್ನ ಅಮ್ಮ. ಮಗ ಇಲ್ಲದ ಮೊದಲ ದೀಪಾವಳಿ. ನಿನ್ನ ಪಾಲಿನ ಸ್ನಾನವಾದರೂ ಯಾರಿಗಾದರೂ ಆಗಲಿ ಎಂಬ ಆಸೆ ಅವಳದ್ದು. ಅದನ್ನು ಅವಳು ನನ್ನಲ್ಲಿ ಹೇಳಲಿಲ್ಲ, ಆದರೆ ನಿನ್ನ ಹಳೆಯ ಮೈ ಒರೆಸುವ ಬೈರಾಸನ್ನು ಒಗೆದು ಮಡಚಿ ಇಟ್ಟಿದ್ದಳು.

ಬೆಳಿಗ್ಗೆ ದುಗ್ಗಮ್ಮ ಬಚ್ಚಲಿನಲ್ಲಿ ಕಾಲು ನೀಡಿ ಕುಳಿತು, ಎಳೆಮಕ್ಕಳನ್ನು ಮಲಗಿಸುವ ಹಾಗೆಯೇ ಗುರಿಕಾರ್ರನ್ನು ಕಾಲ ಮೇಲೆ ಮಲಗಿಸಿದರು. ಬೆಚ್ಚಗಿನ ತೆಂಗಿನೆಣ್ಣೆಯನ್ನು ತಲೆಯಿಂದ ಬಾಲದವರೆಗೆ ತಿಕ್ಕಿದರು. "ಮುಳ್ಳು ಮುಳ್ಳು ಅಂತ ಹೆದರಿದ್ದೆ, ಗುರಿಕಾರ್ರ ಮೈ ರೇಷ್ಮೆ ಮಾರಾಯ್ರೆ" ಎಂದು ನಕ್ಕರಂತೆ. ಆಮೇಲೆ ಹಂಡೆಯ ನೀರು, ಚೆಂಬು ಚೆಂಬು. ಗುರಿಕಾರ್ರು ಮೈ ಉಬ್ಬಿಸಿದರು, ಗಡ್ಡ ಮಸಿಯ ಹಾಗೆ ಕಪ್ಪಾಯಿತು, ಬಾಯಿ ತೆರೆದರು. ಹೆದರಿಕೆಗೆ ಹಾಗೆ ಮಾಡುತ್ತದೆಂದು ನೀನು ನನಗೆ ಹೇಳಿದ್ದೆ, ಆ ಹೆಂಗಸರಿಗೆ ಯಾರು ಹೇಳಬೇಕು? "ನೋಡಿ ಪಂಕಜಕ್ಕ, ಆಕಳಿಸ್ತಾ ಉಂಟು. ಬಿಸಿನೀರು ಬಿದ್ದದ್ದೇ ಮಕ್ಕಳಿಗೂ ಹೀಗೇ" ಎಂದು ದುಗ್ಗಮ್ಮ ಹೇಳಿ, ಬಾಯಿ ಹೇಗೂ ತೆರೆದಿದೆಯಲ್ಲ, ಒಣಗಿದ ಜೀವ ಎಂದು, ಮಕ್ಕಳಿಗೆ ಹಾಲು ಕುಡಿಸುವ ಒಳಲೆಯಲ್ಲಿ ನೀರು ತೆಗೆದು ಗಂಟಲಿಗೆ ಹೊಯ್ದರು. ಕೊನೆಗೆ ನೆಗಡಿಯಾಗದಿರಲಿ ಎಂದು ಕೆಂಡಕ್ಕೆ ಧೂಪ ಹಾಕಿ ಹೊಗೆಯನ್ನೂ ಹಿಡಿದರು. ಬೈರಾಸಿನಲ್ಲಿ ಸುತ್ತಿ ಇಟ್ಟಾಗ ಗುರಿಕಾರ್ರು ಅಲುಗಾಡದೆ ಮಲಗಿದರಂತೆ. ಇಬ್ಬರೂ ಹೆಂಗಸರು ತಾವು ಒಳ್ಳೆಯ ಕೆಲಸ ಮಾಡಿದೆವೆಂದು ದೋಸೆ ತಿಂದರು.

ನಾನು ಪುತ್ತೂರಿನ ಪಶುವೈದ್ಯರಲ್ಲಿಗೆ ಕೊಂಡುಹೋದೆ. ಹಬ್ಬದ ದಿನವೂ ಅವರು ಬಾಗಿಲು ತೆಗೆದರು. "ನನ್ನ ಕೈ ಪಳಗಿದ್ದು ದನ, ನಾಯಿಗಳಲ್ಲಿ. ಇದಕ್ಕೆ ಮಂಗಳೂರಿನ ಗೆಳೆಯರನ್ನು ಕೇಳ್ತೇನೆ" ಎಂದು ಅಲ್ಲಿಂದಲೇ ಫೋನ್ ಮಾಡಿ ಇಂಜೆಕ್ಷನ್ ಕೊಟ್ಟರು. ಈ ಜಾತಿಗೆ ಉಸಿರಿನ ದ್ವಾರ ನಾಲಿಗೆಯ ಬುಡದಲ್ಲೇ ಇರುತ್ತದಂತೆ, ಬಾಯಿಗೆ ಹೊಯ್ದ ನೀರು ನೇರ ಶ್ವಾಸಕೋಶಕ್ಕೆ ಹೋಗುತ್ತದಂತೆ. "ಅದು ತಾನಾಗಿ ನೆಕ್ಕಿದರೆ ಮಾತ್ರ ಕುಡಿದ ಹಾಗೆ" ಎಂದರು. ಎಣ್ಣೆ ಮತ್ತು ಹೊಗೆಯ ಮಾತು ಬಂದಾಗ ಅವರು ತಲೆ ಅಲ್ಲಾಡಿಸಿದರೇ ಹೊರತು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ. ಗುರಿಕಾರ್ರು ಕೆಲವು ದಿನ ಜೀವ ಹಿಡಿದುಕೊಂಡಿದ್ದರು. ನಿನ್ನ ಅಮ್ಮ ಗಾಜಿನ ಮುಂದೆ ಕುಳಿತು ಮೂತಿಗೆ ಹನಿ ಬಿಡುತ್ತಿದ್ದಳು. ಒಮ್ಮೆ ನೆಕ್ಕಿದರು, ಅವತ್ತು ಅವಳು ನನಗೆ ಎರಡು ಲೋಟ ಚಾ ಮಾಡಿಕೊಟ್ಟಳು. ಮರುದಿನ ಬೆಳಿಗ್ಗೆ ಬಲ್ಬಿನ ಅಡಿಯಲ್ಲಿ ಬಾಯಿ ತೆರೆದೇ ಹೋಗಿದ್ದರು.

ಇಷ್ಟೇ ಆಗಿದ್ದರೆ ನಾನು ಕಾಗದ ಬರೆಯದೆ, ನೀನು ರಜೆಗೆ ಬಂದಾಗ ಹೇಳುತ್ತಿದ್ದೆ. ದುಗ್ಗಮ್ಮನಿಗೆ ತಿಳಿಸುವುದು ಬೇಡವೆಂದಿದ್ದೆವು. ಆದರೆ ಅವರೇ ಒಂದು ದಿನ "ಎಲ್ಲಿ ಗುರಿಕಾರ್ರು, ಚರ್ಮ ಸರಿಯಾಯ್ತಾ?" ಎಂದು ಕೇಳುತ್ತಾ ಒಳಗೆ ಬಂದರು. ನಿನ್ನ ಅಮ್ಮನಿಗೆ ಸುಳ್ಳು ಹೊರಡಲಿಲ್ಲ. ದುಗ್ಗಮ್ಮ ಎಲೆಯಡಿಕೆ ಹಾಕದೆ ಎದ್ದು ಹೋದರು. ಈಗ ಪೂಜಿತಾಳ ಮಗು ಮನೆಗೆ ಬಂದಿದೆ, ಅವರು ಮೀಯಿಸುವುದಿಲ್ಲ. ಈ ಸುತ್ತಿನಲ್ಲಿ ಅವರ ಕಾಲ ಮೇಲೆ ಮಲಗದೆ ದೊಡ್ಡವರಾದವರು ಯಾರಿದ್ದಾರೆ ಹೇಳು? ನೀನು ಹುಟ್ಟಿದಾಗ ಅಂಗೈಯಷ್ಟಿದ್ದೆ, ನಿನ್ನನ್ನು ಹಿಡಿಯಲು ನಿನ್ನ ಅಮ್ಮನೇ ಹೆದರಿದ್ದಳು, ಹಿಡಿದದ್ದು ಅವರು. ನಾನು ಹೋಗಿ, "ದುಗ್ಗಮ್ಮ, ಅದು ಓತಿ, ಇದು ಮನುಷ್ಯರ ಮಗು ಮಾರಾಯ್ತಿ, ಬನ್ನಿ" ಎಂದೆ. "ಉಸಿರು ಕಟ್ಟಿದ್ದು ನನಗೆ ಗೊತ್ತೇ ಆಗ್ಲಿಲ್ಲ ಅಣ್ಣ. ಆಕಳಿಕೆ ಅಂತ ನಗಾಡಿದೆ ನಾನು. ಗೊತ್ತಾಗದ ಕೈಯಲ್ಲಿ ಮಗು ಕೊಡ್ಲಿಕ್ಕೆ ಉಂಟಾ?" ಎಂದರು. ಅಲ್ಲಿ ಇಲ್ಲಿ ಬೇರೆ ಮನೆಗಳಿಂದ ಕರೆ ಬಂದರೂ ಹೋಗುತ್ತಿಲ್ಲವಂತೆ.

ನೀನು ಸಿಟ್ಟು ಮಾಡಿಕೊಳ್ಳಬಾರದೆಂದು ನಾನು ಹೇಳುವುದಿಲ್ಲ. ಸಾಕಿದವನಿಗೆ ಸಿಟ್ಟು ಬಂದೇ ಬರಬೇಕು. ಅದನ್ನು ನನ್ನ ಮೇಲೆ ಮಾಡು. ಒಂದು ಮಾತು ಹೇಳಿಟ್ಟು ಕಡಬಕ್ಕೆ ಹೋಗಿದ್ದರೆ ಸಾಕಿತ್ತು. ಮೈ ನೋಡಿಕೋ, ಅಳಿಯಾ. ದೈವಗಳು ನಿನ್ನ ಬೆನ್ನಿಗಿರಲಿ. ನಿನ್ನ ಸಂಗಡ ಇರುವ ಹುಡುಗರಿಗೂ ನಮ್ಮ ನೆನಪು ಹೇಳು.

ನಿನ್ನ ಮಾವ,
ಮಹಾಬಲ

ತಾ.ಕ. ಮಂಗಳವಾರ ಬೆಳಿಗ್ಗೆ ಅವಸರದಲ್ಲಿ ಬರೆಯುತ್ತಿದ್ದೇನೆ, ಪೋಸ್ಟಿನವ ಬರುವ ಹೊತ್ತು. ನಿನ್ನೆ ಸಂಜೆ ದುಗ್ಗಮ್ಮನನ್ನು ಕರೆಸಿ, ನಿನ್ನ ಅಮ್ಮನನ್ನೂ ಪೂಜಿತಾಳನ್ನೂ ಕೂರಿಸಿ ಈ ಕಾಗದ ಓದಿ ಹೇಳಿದೆ. ಯಾರ ಬೆನ್ನ ಹಿಂದೆಯೂ ಬರೆದದ್ದಾಗಬಾರದಲ್ಲ. ಇವತ್ತು ಬೆಳಕು ಹರಿಯುವಾಗ ದುಗ್ಗಮ್ಮ ತಾವೇ ಬಂದು ಹಂಡೆಗೆ ಬೆಂಕಿ ಹಾಕಿ, ನೀರು ಹದ ಮಾಡಿ ಕೊಟ್ಟರು. ಆದರೆ ಮಗುವನ್ನು ಮುಟ್ಟಲಿಲ್ಲ. ನಿನ್ನ ಅಮ್ಮನನ್ನು ಕಾಲು ನೀಡಿ ಕೂರಿಸಿ, ತಾವು ಎರಡು ಕೈಯನ್ನೂ ಸೆರಗಿನೊಳಗೆ ಇಟ್ಟುಕೊಂಡು ಬಾಗಿಲಲ್ಲಿ ನಿಂತು, "ಅಲ್ಲಲ್ಲ, ಕುತ್ತಿಗೆ ಹಿಡಿಯಿರಿ. ಅಯ್ಯೋ, ಕಿವಿಗೆ ನೀರು ಹೋಗ್ತದೆ" ಎನ್ನುತ್ತಿದ್ದರು. ನಿನ್ನ ಅಮ್ಮ ಬೆವರಿ, ಮಗು ಕೂಗಿ, ನೋಡಲಾಗಲಿಲ್ಲ. ಈ ಭಾನುವಾರ ಫೋನ್ ಮಾಡಿದಾಗ ಮೊದಲು ದುಗ್ಗಮ್ಮನನ್ನು ಕೇಳು. ನಾನು ಕರೆಸಿ ಕೂರಿಸಿರುತ್ತೇನೆ. ಬೇಸರವಿಲ್ಲ ಎಂದು ಸುಳ್ಳು ಹೇಳಬೇಡ, ಅವರಿಗೆ ಗೊತ್ತಾಗುತ್ತದೆ. ಬೇಸರ ಉಂಟೆಂದೇ ಹೇಳು. ಹೇಳಿ, ಆಮೇಲೆ ನಿನ್ನ ಅಕ್ಕನ ಮಗುವನ್ನು ನೀವೇ ಮೀಯಿಸಬೇಕೆಂದು ಹೇಳು.