ಮಿಲಿಂದನ ಮುಖಕ್ಕೆ ಅಳೆದ ಬೆಳಕು

ಪಪ್ಪಾ, ನನ್ನ ಮದುವೆಯಾಯಿತು, ಮಿಲಿಂದನ ಜೊತೆಗೇ! "ಅವನ ಮಾರಿ ನನಗ ತೋರಿಸಬ್ಯಾಡ" ಎಂದು ನೀವು ಫೋಟೊ ಸ್ಟುಡಿಯೋ ಬಾಗಿಲು ಹಾಕಿಕೊಂಡಿರಿ, ಹಾಗಾಗಿ ಈ ಪತ್ರವನ್ನು ಪೋಸ್ಟ್ ಮಾಡುವುದಿಲ್ಲ.

ಹೋದ ವಾರ ಇಲ್ಲಿಯ ಕೋಟೆಯಲ್ಲಿ, ನೀವು ಕೊಟ್ಟ ರೀಲ್ ಕ್ಯಾಮೆರಾದಲ್ಲಿ ಅವನ ಫೋಟೊ ತೆಗೆದೆ. ಅವನ ಬೆನ್ನ ಹಿಂದೆ ಸಂಜೆಯ ಬಿಸಿಲಿತ್ತು. ಮೀಟರಿನಲ್ಲಿ ದೂರದಿಂದ ಬೆಳಕು ಅಳೆದಿದ್ದರೆ ಫೋಟೊದಲ್ಲಿ ಮುಖ ಕಪ್ಪಾಗುತ್ತಿತ್ತು. ನೀವು ಕಲಿಸಿದಂತೆ ಹತ್ತಿರ ಹೋಗಿ, ಕೆನ್ನೆಯ ಬೆಳಕು ಅಳೆದುಕೊಂಡು ಹಿಂದೆ ಬಂದೆ.

"ಏನ್ರೀ ಮೇಡಂ, ಫೋಟೊ ತೆಗ್ಯಾಕತ್ತೀರೋ, ಗಡ್ಡದ ಕೂದಲ ಎಣಸಾಕತ್ತೀರೋ?" ಎಂದ. ಎಷ್ಟು ನಕ್ಕೆವು, ಪಪ್ಪಾ!

ಇವತ್ತು ಪ್ರಿಂಟ್ ಬಂತು. ಆಕಾಶವೆಲ್ಲ ಬೆಳ್ಳಗಾಗಿದೆ, ಅವನ ಮುಖ ಮಾತ್ರ ರೆಪ್ಪೆಗೂದಲು ಸಮೇತ ಕಾಣುತ್ತದೆ. ಆಕಾಶ ಹಾಳು ಮಾಡಿದೆ ಎಂದು ಬೈಯಿರಿ. ನೋಡಿ ಬೈಯಿರಿ.

ಭಾನುವಾರ ಬೆಳಗಿನ ಬೀದರ್ ಗಾಡಿಗೆ ಈ ಪತ್ರ, ಪ್ರಿಂಟ್ ಹಿಡಿದುಕೊಂಡು ಬಂದು ನಮ್ಮೂರು ಕಮಲಾಪುರದಲ್ಲಿ ಇಳಿಯುತ್ತೇನೆ, ಅವನನ್ನೂ ಕರೆದುಕೊಂಡು.